ಬಂದರು ಕಟ್ಟುವುದಿದ್ದರೆ ಘಟ್ಟದ ಮೇಲಿಂದ ಶುರು ಮಾಡಿ

ಪ್ರಶ್ನೆ: ನಾನು ಜಮಖಂಡಿಯವನು. ಕನ್ನಡದಲ್ಲಿ ಒಂದು ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ಕಥೆ ನಡೆಯುವುದು ಒಂದು ದೊಡ್ಡ ಬಂದರು ಪಟ್ಟಣದಲ್ಲಿ. ಅಲ್ಲಿಗೆ ನಾಲ್ಕಾರು ದೇಶದ ಹಡಗುಗಳು ಬರುತ್ತವೆ, ಗಾಳಿಯನ್ನು ಕರೆಯುವ ಮಂತ್ರವಾದಿಗಳಿದ್ದಾರೆ. ಓದಿದ ಗೆಳೆಯರು 'ನಾಟಕದ ಪರದೆ ನೋಡಿದ ಹಾಗಿದೆ, ಊರು ಅನಿಸೋದಿಲ್ಲ' ಅಂತಾರೆ. ನಾನು ಸಮುದ್ರ ನೋಡಿದ್ದೇ ಕಡಿಮೆ. ಬಯಲುಸೀಮೆಯಲ್ಲಿ ಕೂತು ಬಂದರಿನ ಬಗ್ಗೆ ಬರೆಯಲು ಸಾಧ್ಯವೇ? ಎಲ್ಲಿಂದ ಶುರು ಮಾಡಲಿ? ಮೊದಲ ಅಧ್ಯಾಯ ಜೊತೆಗಿಟ್ಟಿದ್ದೇನೆ.

ಉತ್ತರ: ಖಂಡಿತ ಸಾಧ್ಯ. ಬಯಲುಸೀಮೆಯವರಿಗೆ ಇದರಲ್ಲಿ ಒಂದು ಅನುಕೂಲವೂ ಇದೆ. ನಾನು ಬೆಳಗಾವಿಯಲ್ಲಿ ಇತಿಹಾಸ ಕಲಿಸುವವನು. ಘಟ್ಟದ ಮೇಲಿನ ಪೇಟೆಗಳಿಂದ ಕರಾವಳಿಗೆ ಇಳಿಯುತ್ತಿದ್ದ ಹಳೇ ವ್ಯಾಪಾರದ ದಾರಿಗಳೇ ನನ್ನ ಓದಿನ ವಿಷಯ. ಹಾಗಾಗಿ ನಿಮ್ಮ ಪ್ರಶ್ನೆ ನೋಡಿ ಖುಷಿಯಾಯಿತು.

ನಿಮ್ಮ ಅಧ್ಯಾಯ ಓದಿದೆ. ಧಕ್ಕೆಯ, ಅಂದರೆ ಹಡಗು ಬಂದು ನಿಲ್ಲುವ ಕಟ್ಟೆಯ ತುಂಬ ಹಡಗುಗಳಿವೆ, ಬಣ್ಣಬಣ್ಣದ ಬಾವುಟಗಳಿವೆ, ಹೆಂಡದಂಗಡಿ ಇದೆ, ಒಕ್ಕಣ್ಣಿನ ಕಡಲ್ಗಳ್ಳ ಇದ್ದಾನೆ. ಭಾಷೆ ಚೆನ್ನಾಗಿದೆ. ಆದರೆ ಆ ಹಡಗುಗಳಲ್ಲಿ ಏನು ತುಂಬಿದೆ ಅಂತ ಎಲ್ಲೂ ಬರುವುದಿಲ್ಲ. ಸರಕು ಯಾರದು, ಯಾರು ಕೊಳ್ಳುತ್ತಾರೆ, ವಾಪಸ್ ಹೋಗುವಾಗ ಏನು ತುಂಬಿಕೊಳ್ಳುತ್ತಾರೆ, ಒಂದು ಮಾತೂ ಇಲ್ಲ. ಗೆಳೆಯರಿಗೆ ಪರದೆ ಅನಿಸಿದ್ದು ಅದಕ್ಕೇ. ನೀವು ಸಮುದ್ರ ಜಾಸ್ತಿ ನೋಡಿಲ್ಲ ಅನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಬಂದರು ಬದುಕುವುದು ಅದರ ಬೆನ್ನ ಹಿಂದಿನ ನಾಡಿನಿಂದ. ಹಿಂದೆ ಹತ್ತಿ ಬೆಳೆಯಬೇಕು, ಬಟ್ಟೆ ನೇಯಬೇಕು, ಮೆಣಸು ಒಣಗಬೇಕು. ಹೊರಗಿನದನ್ನು ಕೊಳ್ಳುವಷ್ಟು ದುಡ್ಡು ಯಾರ ಹತ್ತಿರವಾದರೂ ಇರಬೇಕು. ಇದಿಲ್ಲದಿದ್ದರೆ ಎಷ್ಟೇ ಚಂದದ ಕೊಲ್ಲಿ ಇದ್ದರೂ ಅಲ್ಲಿ ನಾಲ್ಕು ಮೀನಿನ ದೋಣಿ ನಿಲ್ಲುತ್ತವೆ, ಅಷ್ಟೆ. ನೀವು, ನಾನು ಕೂತಿರುವುದು ಅಂಥ ಬೆನ್ನ ಹಿಂದಿನ ನಾಡಿನಲ್ಲೇ.

ನಿಮ್ಮ ಜಿಲ್ಲೆಯ ಐಹೊಳೆಯನ್ನೇ ತಗೊಳ್ಳಿ. ನಾವೆಲ್ಲ ಅಲ್ಲಿಗೆ ಗುಡಿ ನೋಡಲು ಹೋಗುತ್ತೇವೆ. ಆದರೆ 'ಅಯ್ಯಾವೊಳೆ ಐನೂರ್ವರು' ಎಂಬ ವರ್ತಕರ ಸಂಘದ ಹೆಸರು ಬಂದದ್ದು ಆ ಊರಿನಿಂದ. ದಕ್ಷಿಣ ಭಾರತದ ಉದ್ದಗಲಕ್ಕೂ ಅವರ ಶಾಸನಗಳಿವೆ. ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಬಾರೂಸ್‌ನಲ್ಲಿ 1088ರ ಒಂದು ತಮಿಳು ಶಾಸನ ಸಿಕ್ಕಿದೆ. ಅದರಲ್ಲೂ ಈ ಐನೂರ್ವರ ಹೆಸರಿದೆ. ಬಾರೂಸ್ ಕರ್ಪೂರಕ್ಕೆ ಹೆಸರಾದ ಬಂದರು. ಐಹೊಳೆಯಿಂದ ಅರಬ್ಬೀ ಸಮುದ್ರ ಇನ್ನೂರು ಕಿಲೋಮೀಟರಿಗಿಂತ ದೂರ. ಆದರೂ ಮಲಪ್ರಭೆಯ ದಂಡೆಯ ಊರಿನ ಹೆಸರು ಹೊತ್ತ ಸಂಘ ಸಮುದ್ರದಾಚೆಯ ಬಂದರಿನಲ್ಲಿ ನಿಂತು ವ್ಯವಹಾರ ಮಾಡಿತು. ನಿಮ್ಮ ಕಾದಂಬರಿಗೆ ಇಂಥ ಒಂದು ಸಂಘ ಬೇಕು. ರಾಜನಿಗಿಂತ ಹಳೆಯದು, ತನ್ನದೇ ಕಾವಲು ಪಡೆ ಇರುವಂಥದ್ದು, ತಾನು ಹುಟ್ಟಿದ ಊರಿನ ಹೆಸರನ್ನು ಎಲ್ಲ ಕಡೆ ಹೊತ್ತು ತಿರುಗುವಂಥದ್ದು.

ಐಹೊಳೆಗೆ ಹೋದಾಗ ಮೇಗುತಿ ಗುಡಿಯ ಗೋಡೆಯ ಶಾಸನದ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ರವಿಕೀರ್ತಿ ಬರೆದದ್ದು, ಕಾಲ 634-35. ಇಮ್ಮಡಿ ಪುಲಿಕೇಶಿ ಪಶ್ಚಿಮ ಸಮುದ್ರದ ಲಕ್ಷ್ಮಿಯಂತಿದ್ದ ಪುರಿ ಎಂಬ ಬಂದರನ್ನು ಮುತ್ತಿದ್ದು ಅದರಲ್ಲಿದೆ. ಮದವೇರಿದ ಆನೆಗಳ ಸಾಲಿನಂಥ ನೂರಾರು ಹಡಗುಗಳು. ಮೇಲೆ ಮೋಡ ಕವಿದ ಆಕಾಶ ಸಮುದ್ರದ ಹಾಗೆ, ಕೆಳಗೆ ಸಮುದ್ರ ಆಕಾಶದ ಹಾಗೆ. ಬಯಲುಸೀಮೆಯ ಕಲ್ಲುಗುಡ್ಡದ ಮೇಲೆ ಒಬ್ಬ ಕವಿ ಇದನ್ನು ಕೆತ್ತಿಸಿಟ್ಟಿದ್ದಾನೆ. ನಿಮಗೆ ಇದಕ್ಕಿಂತ ದೊಡ್ಡ ಧೈರ್ಯ ಬೇಕಾ?

ಈಗ ಲೆಕ್ಕಕ್ಕೆ ಬರೋಣ. ನಿಮ್ಮ ಅಧ್ಯಾಯದಲ್ಲಿ ಒಂದೇ ಬೆಳಿಗ್ಗೆ ನಲವತ್ತು ಹಡಗು ಬಂದು ನಿಲ್ಲುತ್ತವೆ. ಒಂದನ್ನು ಮಾತ್ರ ತಗೊಳ್ಳಿ. ಅದು ಇನ್ನೂರು ಟನ್ ಸರಕು ಹೊರುತ್ತದೆ ಅನ್ನೋಣ. ನಿಮ್ಮ ಲೋಕದಲ್ಲಿ ಲಾರಿ ಇಲ್ಲ, ಘಟ್ಟದಲ್ಲಿ ಗಾಡಿದಾರಿಯೂ ಇಲ್ಲ. ಹೇರೆತ್ತಿನ ಬೆನ್ನ ಮೇಲೆ ಒಂದು ಕ್ವಿಂಟಲ್ ಆಸುಪಾಸು ಹೇರಬಹುದು. ಅಂದರೆ ಆ ಒಂದು ಹಡಗು ತುಂಬಲು ಎರಡು ಸಾವಿರ ಎತ್ತು ಘಟ್ಟ ಇಳಿಯಬೇಕು. ಅವು ದಿನಕ್ಕೆ ಹತ್ತು-ಹದಿನೈದು ಕಿಲೋಮೀಟರ್ ನಡೆಯುತ್ತವೆ. ಎಲ್ಲಿ ನೀರು ಕುಡಿಯುತ್ತವೆ? ಮೇವು ಯಾರ ಹೊಲದ್ದು? ರಾತ್ರಿ ಎಲ್ಲಿ ಇಳಿಯುತ್ತವೆ? ಇಷ್ಟಕ್ಕೆ ಉತ್ತರ ಬರೆಯುತ್ತಾ ಹೋದರೆ ಘಟ್ಟದ ಬುಡದಲ್ಲಿ ಒಂದು ಊರು ತಾನೇ ಹುಟ್ಟುತ್ತದೆ. ಅಲ್ಲಿ ಕೆರೆ ಇದೆ, ಗೊರಸಿಗೆ ಲಾಳ ಕಟ್ಟುವವರಿದ್ದಾರೆ, ಹುಲ್ಲಿನ ವ್ಯಾಪಾರಿಗಳಿದ್ದಾರೆ, ಸುಂಕದ ಕಟ್ಟೆ ಇದೆ, ಹರಿದ ಗೋಣಿಚೀಲ ಹೊಲಿಯುವ ಹೆಂಗಸರಿದ್ದಾರೆ. ಇಳಿದ ಎತ್ತು ಖಾಲಿ ಹತ್ತುವುದಿಲ್ಲ, ಉಪ್ಪು ಹೊತ್ತು ಹತ್ತುತ್ತದೆ. ನಮ್ಮ ಕಡೆ ಈ ಕೆಲಸ ಮಾಡಿದವರು ಲಮಾಣಿಗಳು. ದಂಡಿಗೆ ಧಾನ್ಯ, ಊರಿಗೆ ಉಪ್ಪು ಸಾಗಿಸುತ್ತಾ ಇಡೀ ತಾಂಡಾವೇ ಎತ್ತುಗಳ ಜೊತೆ ನಡೆಯುತ್ತಿತ್ತು. ವಿಜಯಪುರದ ಸುತ್ತ ಇಂದಿಗೂ ಎಷ್ಟು ತಾಂಡಾಗಳಿವೆ ಅಂತ ನಿಮಗೇ ಗೊತ್ತು.

ನನ್ನ ಕೇಳಿದರೆ ಕಾದಂಬರಿಯ ಮೊದಲ ದೃಶ್ಯ ಧಕ್ಕೆಯದ್ದಾಗಬಾರದು. ಘಟ್ಟದ ಸುಂಕದ ಕಟ್ಟೆಯದ್ದಾಗಬೇಕು. ಅಲ್ಲಿ ಸಾಲುಗಟ್ಟಿ ನಿಂತ ಎತ್ತುಗಳನ್ನು ನೋಡಿದರೇ ಕೆಳಗಿನ ಪಟ್ಟಣ ಎಷ್ಟು ದೊಡ್ಡದು ಅಂತ ಓದುಗನಿಗೆ ತಿಳಿಯುತ್ತದೆ.

ಬೆನ್ನ ಹಿಂದಿನ ದಾರಿ ತಪ್ಪಿದರೆ ಬಂದರೂ ಸೊರಗುತ್ತದೆ. ಈಗಿನ ಮಹಾರಾಷ್ಟ್ರದ ಕರಾವಳಿಯ ವೆಂಗುರ್ಲಾ ನೋಡಿ. ಡಚ್ಚರು ಅಲ್ಲಿ ವ್ಯಾಪಾರದ ಕೋಠಿ ಇಟ್ಟಿದ್ದರು. ಆಮೇಲೆ ಬ್ರಿಟಿಷರ ಕಾಲದಲ್ಲಿ ಬೆಳಗಾವಿಯ ದಂಡಿಗೆ ಬೇಕಾದ ಸಾಮಾನು ವೆಂಗುರ್ಲಾದಲ್ಲಿ ಇಳಿದು ಅಂಬೋಲಿ ಘಟ್ಟ ಹತ್ತಿ ಬರುತ್ತಿತ್ತು. 1880ರ ದಶಕದ ಕೊನೆಗೆ ಗೋವಾದ ಮುರಗಾಂವ್ ಬಂದರಿನಿಂದ ಕ್ಯಾಸಲ್‌ರಾಕ್ ಮೇಲೆ ರೈಲು ಬಂತು. ಸರಕು ಆ ಕಡೆ ತಿರುಗಿತು. ವೆಂಗುರ್ಲಾದ ಸಮುದ್ರ ಇದ್ದ ಹಾಗೇ ಇತ್ತು, ವ್ಯಾಪಾರ ಮಾತ್ರ ಇಳಿಯಿತು. ನಿಮ್ಮ ಕಥೆಯಲ್ಲಿ ಪಟ್ಟಣವನ್ನು ಹಾಳು ಮಾಡಲು ರಾಕ್ಷಸನನ್ನು ಕರೆಸಿದ್ದೀರಿ. ಪಕ್ಕದ ರಾಜ ಇನ್ನೊಂದು ಘಟ್ಟದಲ್ಲಿ ಒಳ್ಳೆಯ ದಾರಿ ಕಡಿಸಿದರೆ ಸಾಕು, ಅದಕ್ಕಿಂತ ಭಯಂಕರ.

ನಕ್ಷೆ ಬರೆಯುವಾಗ ನದಿಗಳ ಬಗ್ಗೆ ಎಚ್ಚರ ಇರಲಿ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಸಮುದ್ರ ಪಕ್ಕದಲ್ಲೇ ಇದ್ದರೂ ಪೂರ್ವಕ್ಕೆ ಹೊರಟು, ಕೃಷ್ಣೆ ಸೇರಿ, ಬಂಗಾಳ ಕೊಲ್ಲಿಯವರೆಗೆ ಹೋಗುತ್ತದೆ. ಅದೇ ತಾಲ್ಲೂಕಿನ ಕಾಡಿನಲ್ಲಿ ಹುಟ್ಟುವ ಮಹದಾಯಿ ಪಶ್ಚಿಮಕ್ಕೆ ಧುಮುಕಿ ಪಣಜಿಯ ಹತ್ತಿರ ಸಮುದ್ರ ಸೇರುತ್ತದೆ. ಗುಡ್ಡದ ನೆತ್ತಿಯ ಮೇಲೆ ನೀರು ಎತ್ತ ಹೊರಳಿತು ಅನ್ನುವುದರ ಮೇಲೆ ರಾಜ್ಯಗಳ ಹಣೆಬರಹ ನಿಂತಿರುತ್ತದೆ. ನಿಮ್ಮ ನಕ್ಷೆಯಲ್ಲಿ ಒಂದು ನದಿ ಸಮುದ್ರದಿಂದ ಸಮುದ್ರಕ್ಕೆ ಹರಿಯುತ್ತಿದೆ. ಅದನ್ನು ಮೊದಲು ತಿದ್ದಿ.

ಇನ್ನು ಗಾಳಿ. ನಿಮ್ಮ ಪ್ರಶ್ನೆಯ ತಿರುಳು ಇಲ್ಲೇ ಇದೆ ಅಂತ ನನಗನಿಸುತ್ತದೆ.

ನಮ್ಮ ಪಶ್ಚಿಮ ಕರಾವಳಿಯ ಹಾಯಿಹಡಗುಗಳ ಗಡಿಯಾರವೇ ಗಾಳಿಯಾಗಿತ್ತು. ನವೆಂಬರಿನಿಂದ ಈಶಾನ್ಯದ ಗಾಳಿ ಬೀಸುತ್ತದೆ. ಆಗ ಹಡಗುಗಳು ಅರೇಬಿಯಾ, ಆಫ್ರಿಕಾ ಕಡೆ ಹೊರಡುತ್ತಿದ್ದವು. ನೈಋತ್ಯದ ಗಾಳಿ ಹಿಡಿದು ವಾಪಸ್ ಬರುತ್ತಿದ್ದವು. ಆದರೆ ಜೂನ್-ಜುಲೈನ ಬಿರುಮಳೆಯಲ್ಲಿ ಈ ದಂಡೆಗೆ ಹಡಗು ತರುವುದು ಸಾವಿನ ಕೆಲಸ, ಹಾಗಾಗಿ ಮಳೆ ಜೋರಾಗುವ ಮುಂಚೆ ಬರಬೇಕಿತ್ತು, ಇಲ್ಲವೇ ಜೋರು ಇಳಿದ ಮೇಲೆ ಬರಬೇಕಿತ್ತು. ಈಗಲೂ ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ. ನೂಲಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ಪೂಜೆ ಮಾಡುವುದು ಇದೇ ಕಾರಣಕ್ಕೆ. ಕಡಲು ಮತ್ತೆ ತೆರೆಯುವ ಹೊತ್ತು ಅದು.

ಇದರಿಂದ ಏನಾಗುತ್ತದೆ ನೋಡಿ. ಬಂದರಿನ ಗದ್ದಲ ವರ್ಷವಿಡೀ ಒಂದೇ ಥರ ಇರುವುದಿಲ್ಲ. ಕೆಲವು ತಿಂಗಳು ಕಾಲಿಡಲು ಜಾಗವಿಲ್ಲ, ಕೆಲವು ತಿಂಗಳು ಬೀದಿಯಲ್ಲಿ ನಾಯಿ ಮಲಗಿರುತ್ತದೆ. ಗಾಳಿ ತಿರುಗುವವರೆಗೆ ಪರದೇಶಿ ವ್ಯಾಪಾರಿ ತಿಂಗಳುಗಟ್ಟಲೆ ಇಲ್ಲೇ ಇರಬೇಕು. ಅವನಿಗೆ ಮನೆ ಬೇಕು, ಅಡುಗೆ ಬೇಕು, ಪೂಜೆ-ಪ್ರಾರ್ಥನೆಗೆ ಜಾಗ ಬೇಕು. ಎಷ್ಟೋ ಜನ ಇಲ್ಲೇ ಮದುವೆಯಾದರು. ಭಟ್ಕಳದ ನವಾಯತ ಮುಸ್ಲಿಮರ ಭಾಷೆ, ಊಟ, ಉಡುಗೆಯಲ್ಲಿ ಅರಬರ ಜೊತೆಗಿನ ಆ ಹಳೇ ನಂಟು ಕಾಣುತ್ತದೆ. ಸರಕು ಮಳೆಗಾಲ ಕಳೆಯಲು ಗೋದಾಮು ಬೇಕು. ಗೋದಾಮಿಗೆ ಕಾವಲು, ಕಾವಲಿಗೆ ಸಂಬಳ, ಸಂಬಳಕ್ಕೆ ಸಾಲ. ಸಾಲ ಕೊಡುವವನು ಊರಿನ ದೊಡ್ಡ ಮನುಷ್ಯನಾಗುತ್ತಾನೆ.

ಈಗ ನಿಮ್ಮ ಗಾಳಿ ಮಂತ್ರವಾದಿಗಳನ್ನು ಇದರೊಳಗೆ ಬಿಡಿ. ಅವರು ಬೇಕಾದಾಗ ಗಾಳಿ ತರಿಸಬಲ್ಲರು ಅಂದ ತಕ್ಷಣ ಋತುವಿನ ಲೆಕ್ಕ ಹೋಯಿತು. ಯಾರೂ ಕಾಯಬೇಕಿಲ್ಲ. ಗೋದಾಮು ಖಾಲಿ, ಛತ್ರ ಖಾಲಿ, ಸಾಲ ಕೊಟ್ಟವನು ದಿವಾಳಿ. ಇಡೀ ಪಟ್ಟಣ ನಿಂತಿರುವುದೇ ಕಾಯುವಿಕೆಯ ಮೇಲೆ, ಆ ಕಾಯುವಿಕೆಯನ್ನೇ ನಿಮ್ಮ ಮಂತ್ರ ಅಳಿಸಿಬಿಡುತ್ತದೆ. ಹಾಗಾಗಿ ಒಂದು ಮಿತಿ ಇಡಲೇಬೇಕು. ಮಂತ್ರಕ್ಕೆ ದುಡ್ಡು ಜಾಸ್ತಿ ಬೀಳಲಿ, ಕರ್ಪೂರ-ಮುತ್ತಿನಂಥ ಹಗುರವಾದ ದುಬಾರಿ ಸರಕಿನ ಹಡಗಿಗೆ ಮಾತ್ರ ಕಟ್ಟುವಂತಿರಲಿ. ಅಕ್ಕಿಯ ಹಡಗು ಹಳೇ ಗಾಳಿಗೇ ಕಾಯಲಿ. ಇಲ್ಲವೇ, ಇಲ್ಲಿ ಕರೆದ ಗಾಳಿ ಬೇರೆ ಎಲ್ಲಿಂದಲೋ ಕದ್ದದ್ದಾಗಿರಲಿ. ಹಾಗಾದರೆ ಘಟ್ಟದ ಮೇಲಿನ ರೈತನಿಗೆ ಆ ವರ್ಷ ಮಳೆ ಮೋಡ ಬರುವುದಿಲ್ಲ. ನೈಋತ್ಯದ ಗಾಳಿ ಹಡಗನ್ನೂ ತರುತ್ತದೆ, ಮಳೆಯನ್ನೂ ತರುತ್ತದೆ ಅಲ್ವಾ? ಧಕ್ಕೆಯ ಮಂತ್ರವಾದಿಗೂ ಬಯಲುಸೀಮೆಯ ರೈತನಿಗೂ ಒಂದೇ ಗಾಳಿಯ ಮೇಲೆ ಜಗಳ. ನಿಮ್ಮ ಇಡೀ ಕಾದಂಬರಿಗೆ ಈ ಒಂದು ಜಗಳ ಸಾಕು ಅಂತ ನನಗೆ ನಿಜವಾಗಿ ಅನಿಸುತ್ತದೆ. ಬರ ಕಂಡ ಜಿಲ್ಲೆಯವರು ನೀವು, ಅದನ್ನು ನಿಮಗಿಂತ ಚೆನ್ನಾಗಿ ಯಾರು ಬರೆದಾರು?

ಉಬ್ಬರ-ಇಳಿತದ ಬಗ್ಗೆ ಸ್ವಲ್ಪ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಪ್ರತಿದಿನ ಈ ಹೊತ್ತು ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ಏರಿಳಿತ ಜೋರು. ಕಾರವಾರದ ಕಡೆ ಎರಡು ಮೀಟರ್ ಆಸುಪಾಸು, ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಹತ್ತು ಮೀಟರ್ ದಾಟುತ್ತದೆ. ನದಿ ಸಮುದ್ರ ಸೇರುವ ಅಳಿವೆಯ ಬಾಯಲ್ಲಿ ಮರಳಿನ ದಿಬ್ಬ ಇದ್ದರೆ ದೊಡ್ಡ ಹಡಗು ಉಬ್ಬರದ ಹೊತ್ತಿಗೇ ಒಳಗೆ ಬರಬೇಕು. ಅಂದರೆ ನಿಮ್ಮ ಪಟ್ಟಣದ ಹಮಾಲರು ಸೂರ್ಯನ ಲೆಕ್ಕದಲ್ಲಿ ಕೆಲಸ ಮಾಡುವುದಿಲ್ಲ. ಇವತ್ತು ಮಧ್ಯಾಹ್ನ ಕರೆ ಬಂದರೆ ಮುಂದಿನ ವಾರ ಸಂಜೆ ಕತ್ತಲಲ್ಲಿ ಬರುತ್ತದೆ. ನಿಮ್ಮ ಲೋಕಕ್ಕೆ ಎರಡು ಚಂದ್ರ ಇದೆ ಅಂತ ಬರೆದಿದ್ದೀರಿ. ಹಾಗಿದ್ದರೆ ಎರಡೂ ಒಟ್ಟಿಗೆ ತುಂಬಿದ ರಾತ್ರಿ ಕೆಳಗಿನ ಪೇಟೆಯ ಅಂಗಡಿಗಳ ಗತಿ ಏನು ಅಂತಲೂ ಬರೆಯಬೇಕಾಗುತ್ತದೆ.

ಪರದೇಶದವನು ನಿಮ್ಮ ಬಂದರಿಗೇ ಯಾಕೆ ಬರಬೇಕು? ಪಕ್ಕದಲ್ಲಿ ಇನ್ನೊಂದು ಇರುತ್ತದಲ್ಲ. ಇದಕ್ಕೆ ಹಳಬರು ಕೊಟ್ಟ ಉತ್ತರ ನಂಬಿಕೆ. ಕಾಕತೀಯರ ಗಣಪತಿದೇವ 1244ರಲ್ಲಿ ಆಂಧ್ರದ ಮೋಟುಪಲ್ಲಿಯಲ್ಲಿ ಒಂದು ಶಾಸನ ನಿಲ್ಲಿಸಿದ. ಬಿರುಗಾಳಿಗೆ ಸಿಕ್ಕಿ ದಡಕ್ಕೆ ಬಿದ್ದ ಹಡಗಿನ ಸರಕನ್ನು ಹಿಂದಿನ ರಾಜರು ಬಾಚಿಕೊಳ್ಳುತ್ತಿದ್ದರು, ನಾವು ಮುಟ್ಟುವುದಿಲ್ಲ, ಗೊತ್ತು ಮಾಡಿದ ಸುಂಕ ಕೊಟ್ಟರೆ ಸಾಕು ಎಂಬುದು ಅದರ ಸಾರ. ಸುಂಕ ಮೂವತ್ತರಲ್ಲಿ ಒಂದು ಪಾಲು. ಎರಡು ಶತಮಾನದ ಮೇಲೆ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಕಲ್ಲಿಕೋಟೆಯ ಬಗ್ಗೆ ಇದನ್ನೇ ಹೊಗಳುತ್ತಾನೆ. ಅಲ್ಲಿ ವರ್ತಕರು ಸರಕನ್ನು ಬೀದಿಯಲ್ಲಿಟ್ಟು ನಿಶ್ಚಿಂತೆಯಿಂದ ಹೋಗುತ್ತಾರೆ, ಕಾವಲು ಸುಂಕದವರದ್ದು. ಮಾರಾಟವಾದರೆ ನಲವತ್ತರಲ್ಲಿ ಒಂದು ಪಾಲು ಸುಂಕ, ಆಗದಿದ್ದರೆ ಏನೂ ಇಲ್ಲ. ನಿಮ್ಮ ಪಟ್ಟಣದ ಸುಂಕದ ದರ ಏನು, ಒಡೆದ ಹಡಗಿನ ಸರಕು ಯಾರಿಗೆ ಸೇರುತ್ತದೆ? ಈ ಎರಡು ತೀರ್ಮಾನ ಮಾಡಿದರೆ ರಾಜ ಎಂಥವನು ಅಂತ ಬೇರೆ ವರ್ಣನೆ ಬೇಕಾಗುವುದಿಲ್ಲ.

ಇದರ ಜೊತೆಗೆ ಜೋಖಮಿ ಹುಂಡಿ ಎಂಬ ಒಂದು ವ್ಯವಸ್ಥೆ ಇತ್ತು. ಹುಂಡಿ ಅಂದರೆ ಇಂಥವರಿಗೆ ಇಷ್ಟು ದುಡ್ಡು ಕೊಡಿ ಅಂತ ವರ್ತಕರು ಬರೆದುಕೊಡುತ್ತಿದ್ದ ಚೀಟಿ. ಸರಕು ಸುರಕ್ಷಿತವಾಗಿ ಮುಟ್ಟಿದರೆ ಮಾತ್ರ ಆ ಹುಂಡಿಯ ದುಡ್ಡು ಕೊಡಬೇಕು, ಮುಳುಗಿದರೆ ನಷ್ಟ ಹುಂಡಿ ಹಿಡಿದವನದ್ದು. ಸಾಲವೂ ವಿಮೆಯೂ ಒಂದೇ ಕಾಗದದಲ್ಲಿ. ಹಡಗು ನಿಜವಾಗಿ ಮುಳುಗಿತೋ, ಮುಳುಗಿಸಿದರೋ? ನಿಮಗೆ ಪತ್ತೇದಾರಿಯ ಎಳೆ ಬೇಕಿದ್ದರೆ ಇಲ್ಲಿದೆ.

ಕುದುರೆಯ ವಿಷಯ ಹೇಳದೆ ವಿಜಯಪುರವನ್ನು ದಾಟುವಂತಿಲ್ಲ. ದಖ್ಖನ್ನಿನ ರಾಜರಿಗೆ ಯುದ್ಧದ ಕುದುರೆ ಸಮುದ್ರದಾಚೆಯಿಂದಲೇ ಬರಬೇಕಿತ್ತು. ಆದಿಲ್‌ಶಾಹಿಗಳಿಗೆ ಗೋವಾ ಅಷ್ಟು ಮುಖ್ಯವಾಗಿದ್ದಕ್ಕೆ ಇದು ದೊಡ್ಡ ಕಾರಣ. 1510ರಲ್ಲಿ ಪೋರ್ಚುಗೀಸರು ಗೋವಾ ಕಿತ್ತುಕೊಂಡಾಗ ಕುದುರೆ ಯಾರಿಗೆ ಹೋಗಬೇಕು ಅನ್ನುವ ಹಿಡಿತವೂ ಅವರ ಕೈಗೆ ಹೋಯಿತು. ಕುದುರೆಯ ಹಡಗನ್ನು ಹತ್ತಿರದಿಂದ ನೋಡಿ. ಒಂದು ಕುದುರೆಗೆ ದಿನಕ್ಕೆ ಮೂವತ್ತು ಲೀಟರ್ ನೀರು ಅಂದುಕೊಳ್ಳಿ. ಐವತ್ತು ಕುದುರೆ, ಇಪ್ಪತ್ತು ದಿನ. ಮೂವತ್ತು ಸಾವಿರ ಲೀಟರ್ ಸಿಹಿನೀರು ಹಡಗಿನಲ್ಲೇ ಬರಬೇಕು. ಇಳಿಯುವಾಗ ಅವುಗಳ ಕಾಲು ನಿಲ್ಲುವುದಿಲ್ಲ, ಕಣ್ಣು ಕೆಂಪಾಗಿರುತ್ತವೆ, ಮೈಯೆಲ್ಲ ಉಪ್ಪು. ಧಕ್ಕೆಯ ಹಿಂದೆ ಲಾಯ, ಅದರ ಹಿಂದೆ ಬಾವಿ, ಬಾವಿಯ ಕಟ್ಟೆ ಮೇಲೆ ಕೊಡಕ್ಕೆ ಇಷ್ಟು ಅಂತ ಕಾಸು ತೆಗೆದುಕೊಳ್ಳುವ ಒಬ್ಬ ಯಜಮಾನ. ಬಂದರಿನಲ್ಲಿ ಸುತ್ತ ನೀರೇ ಇದ್ದರೂ ಕುಡಿಯುವ ನೀರೇ ದೊಡ್ಡ ವ್ಯಾಪಾರ. ನೀರು ಕೆಟ್ಟರೆ ಊರೇ ಕೆಡುತ್ತದೆ. ಹಳೇ ಗೋವಾವನ್ನು ಜನ ಬಿಟ್ಟು ಹೋದದ್ದು ಮುಖ್ಯವಾಗಿ ಸಾಂಕ್ರಾಮಿಕ ರೋಗಗಳ ಹೊಡೆತಕ್ಕೆ. 1843ರಲ್ಲಿ ಪಣಜಿಯೇ ರಾಜಧಾನಿಯಾಯಿತು.

ಪಾತ್ರಗಳಿಗೆ ಮಾದರಿ ಬೇಕಾ? ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಟ್ಯುನೀಷಿಯಾದವನು. 1132ರ ಹೊತ್ತಿಗೆ ಮಂಗಳೂರಿಗೆ ಬಂದು ವರ್ಷಗಟ್ಟಲೆ ಇದ್ದ. ಅವನ ಪತ್ರಗಳು ಕೈರೋದಲ್ಲಿ ಸಿಕ್ಕಿವೆ. ಅವನಿಗೆ ಹಿತ್ತಾಳೆ-ಕಂಚಿನ ಕಾರ್ಖಾನೆ ಇತ್ತು. ಅರೇಬಿಯಾದ ಏಡನ್ ಬಂದರಿನ ಗೆಳೆಯರು ಹಳೇ ಪಾತ್ರೆ ಕಳಿಸಿ ಹೊಸದಾಗಿ ಮಾಡಿಸಿ ಕೊಡು ಅನ್ನುತ್ತಿದ್ದರು. ಜೊತೆಗೆ ಉಡುಗೊರೆಯಾಗಿ ಕಾಗದ, ಸಕ್ಕರೆ, ಒಣದ್ರಾಕ್ಷಿ ಬರುತ್ತಿತ್ತು. ಏಲಕ್ಕಿಗೆ ಮುಂಗಡ ತಗೊಂಡು ಸರಕು ಕೊಡದೆ ಸತಾಯಿಸಿದವನೊಬ್ಬನ ಮಾತು ಪತ್ರದಿಂದ ಪತ್ರಕ್ಕೆ ಬರುತ್ತದೆ. ಬೆನ್ ಯಿಜುವಿನ ವ್ಯವಹಾರ ನೋಡಿಕೊಂಡು ಏಡನ್‌ವರೆಗೆ ಹೋಗಿ ಬರುತ್ತಿದ್ದ ಆಳಿನ ಹೆಸರು ಬೊಮ್ಮ. ಬೊಮ್ಮನಂಥವನನ್ನು ನಿಮ್ಮ ನಾಯಕನನ್ನಾಗಿ ಮಾಡಿ. ಒಕ್ಕಣ್ಣಿನ ಕಡಲ್ಗಳ್ಳನಿಗಿಂತ ಅವನು ಎಷ್ಟೋ ಜಾಸ್ತಿ ಕಂಡವನು.

ಕಡಲ್ಗಳ್ಳ ಬೇಕೇ ಬೇಕು ಅಂದರೆ ಇರಲಿ. ಪೋರ್ಚುಗೀಸರು ಈ ಸಮುದ್ರದಲ್ಲಿ ಹೋಗುವ ಹಡಗುಗಳು ತಮ್ಮಿಂದ ದುಡ್ಡು ಕೊಟ್ಟು ಪರವಾನಗಿ ಪಡೆಯಬೇಕು ಅಂದರು, ಇಲ್ಲದ ಹಡಗನ್ನು ಹಿಡಿದರು. ಕಳ್ಳ ಯಾರು, ಕಾವಲುಗಾರ ಯಾರು ಅನ್ನುವುದು ಯಾವ ದೋಣಿಯಲ್ಲಿ ಕೂತು ನೋಡುತ್ತೀರಿ ಅನ್ನುವುದರ ಮೇಲಿದೆ.

ಬಂದರು ಊಟವನ್ನೂ ಬದಲಿಸುತ್ತದೆ, ಸಮುದ್ರ ಕಾಣದವರ ಊಟವನ್ನೂ. ರೊಟ್ಟಿಯ ಜೊತೆ ನಾವು ತಿನ್ನುವ ಕೆಂಪು ಖಾರ, ಶೇಂಗಾ ಚಟ್ನಿ ನೆನೆಸಿಕೊಳ್ಳಿ. ಮೆಣಸಿನಕಾಯಿ, ಶೇಂಗಾ ಎರಡೂ ಅಮೆರಿಕ ಖಂಡದ ಬೆಳೆ. ಮೆಣಸಿನಕಾಯಿಯನ್ನು ಇಲ್ಲಿಗೆ ತಂದವರು ಪೋರ್ಚುಗೀಸರು. ಈಗ ಅದಿಲ್ಲದ ಉತ್ತರ ಕರ್ನಾಟಕದ ಊಟ ಇದೆಯೇ? ನಿಮ್ಮ ಲೋಕದಲ್ಲೂ ಒಳನಾಡಿನ ಮುದುಕಿಯೊಬ್ಬಳು ಹೆಸರೂ ಗೊತ್ತಿಲ್ಲದ ದೇಶದ ಕಾಯಿಯನ್ನು ತನ್ನ ಅಜ್ಜಿಯ ಕಾಲದ್ದು ಅಂತ ಕುಟ್ಟುತ್ತಿರಲಿ.

ಮುಂದಿನ ಕರಡಿಗೆ ಕೂರುವ ಮುಂಚೆ ಎರಡು ಕಡೆ ಹೋಗಿ ಬನ್ನಿ. ಮೊದಲನೆಯದು ಬೆಳಗಾವಿಯ ಎಪಿಎಂಸಿ, ಬೆಳಗಿನ ಜಾವ. ಗೋವಾಕ್ಕೆ ಹೋಗುವ ತರಕಾರಿ ಲೋಡಾಗುವುದನ್ನು ನೋಡಿ. ಹಮಾಲರು ಚೀಲವನ್ನು ಯಾವ ಹೆಗಲಿಗೆ ತಗೊಳ್ಳುತ್ತಾರೆ, ದಲಾಲರು ದರವನ್ನು ಹೇಗೆ ಕೂಗುತ್ತಾರೆ, ಲೆಕ್ಕ ಬರೆಯುವ ಗುಮಾಸ್ತ ಯಾರ ಮುಖ ನೋಡುತ್ತಾನೆ, ಚಹಾ ಯಾರು ತರುತ್ತಾರೆ. ಸುಮ್ನೆ ಒಂದು ಮೂಲೆಯಲ್ಲಿ ನಿಂತು ಬರೆದುಕೊಳ್ಳಿ. ಧಕ್ಕೆಯ ದೃಶ್ಯಕ್ಕೆ ಬೇಕಾದ ಅರ್ಧ ಸಾಮಗ್ರಿ ಅಲ್ಲೇ ಸಿಗುತ್ತದೆ. ಎರಡನೆಯದು ಯಾವುದಾದರೂ ಅಳಿವೆ. ಕಾರವಾರದ ಕಾಳಿ ನದಿಯ ಬಾಯಿ ಆದೀತು. ಅಮಾವಾಸ್ಯೆಯ ಆಸುಪಾಸು ಹೋಗಿ. ಒಂದೇ ಜಾಗದಲ್ಲಿ ಉಬ್ಬರದ ಹೊತ್ತಿಗೂ ಇಳಿತದ ಹೊತ್ತಿಗೂ ನಿಲ್ಲಿ. ನೀರು ಎಲ್ಲಿಯವರೆಗೆ ಬಂದಿತ್ತು, ದೋಣಿಗಳು ಯಾವ ಕಡೆ ಮುಖ ಮಾಡಿದ್ದವು, ಕೆಸರಿನಲ್ಲಿ ಏನೇನು ಉಳಿಯಿತು ಅಂತ ಗುರುತು ಹಾಕಿಕೊಳ್ಳಿ. ಮೊದಲ ಅಧ್ಯಾಯವನ್ನು ಮತ್ತೆ ಬರೆದ ಮೇಲೆ ಕಳಿಸಿ, ಓದುತ್ತೇನೆ. ಆ ಸಲ ನಲವತ್ತು ಹಡಗು ಬೇಡ, ಒಂದೇ ಸಾಕು. ಆದರೆ ಅದರಲ್ಲಿರುವ ಪ್ರತಿ ಚೀಲ ಯಾರದ್ದು ಅಂತ ನಿಮಗೆ ಗೊತ್ತಿರಬೇಕು.